ಬೀದಿಗೆ ಮುಖ ಮಾಡಿದ ಕಂಪ್ಯೂಟರುಗಳು

ಪಕ್ಕದವರ ಪತ್ರಿಕೆಯಲ್ಲಿ ಇಣುಕುವ ಚಪಲ ನನಗೆ ಮೊದಲಿನಿಂದಲೂ ಉಂಟು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕೂತು, ಕೈಯಲ್ಲಿ ಸ್ವಂತದ್ದೊಂದು ಪತ್ರಿಕೆಯಿದ್ದರೂ ಅದನ್ನು ಮಡಿಚಿ ತೊಡೆಯ ಮೇಲಿಟ್ಟು, ಪಕ್ಕದ ಪ್ರಯಾಣಿಕರು ಬಿಡಿಸಿದ ಅದೇ ಪತ್ರಿಕೆಯ ಅದೇ ಪುಟವನ್ನು ಕತ್ತು ಉದ್ದ ಮಾಡಿ ಓದುವುದರಲ್ಲಿ ಎಂಥದೋ ರುಚಿ. ನಾನು ಮುಗಿಸುವ ಮೊದಲೇ ಅವರು ಪುಟ ಮಗುಚಿದರೆ ಸಿಟ್ಟೂ ಬರುತ್ತದೆ. ಇಂಥ ನಾನು, ಇಣುಕುವುದನ್ನು ಸರ್ಕಾರವೇ ನಿಯಮ ಮಾಡಿದಾಗ ಕೆಂಡಾಮಂಡಲವಾದೆನೆಂದರೆ ನೀವು ನಗುತ್ತೀರಿ. ನಗಿರಿ, ಆದರೆ ಪೂರ್ತಿ ಕೇಳಿಕೊಂಡು ನಗಿರಿ.

ಎರಡು ಸಾವಿರದ ಆಸುಪಾಸಿನ ವರ್ಷಗಳ ಮಾತು. ಎಣ್ಣೆ ಮಿಲ್ಲುಗಳ ಕಡಲೆಕಾಯಿ ಕಮಟು ಸದಾ ಸುಳಿದಾಡುವ ಚಳ್ಳಕೆರೆಯ ಒಂದು ಬೀದಿಯಲ್ಲಿ ರಫೀಕ್ ಎಂಬಾತ ತನ್ನ ಟೈಪಿಂಗ್ ಶಾಲೆ ಮುಚ್ಚಿ ಸೈಬರ್ ಕೆಫೆ ತೆರೆದಿದ್ದ. ನಾಲ್ಕು ಕಂಪ್ಯೂಟರು, ಒಂದು ಸ್ಕ್ಯಾನರು, ನಡುನಡುವೆ ಪ್ಲೈವುಡ್ಡಿನ ಮರೆ. ಮೋಡೆಮ್ಮು ಗಂಟಲು ಕೆರೆದುಕೊಂಡು ಜಗತ್ತಿಗೆ ತಗುಲಿಕೊಳ್ಳುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಹೈಸ್ಕೂಲಿನ ಕನ್ನಡ ಮೇಷ್ಟ್ರಾದ ನಾನು ಅಲ್ಲಿಗೆ ವಾರಕ್ಕೊಮ್ಮೆ ಹೋಗಿ, ತೋರುಬೆರಳೊಂದನ್ನೇ ದುಡಿಸಿ, ಭಾವಮೈದುನನಿಗೆ ನಾಲ್ಕು ಸಾಲಿನ ಇ-ಮೇಲನ್ನು ಅರ್ಧ ಗಂಟೆಯಲ್ಲಿ ರಚಿಸುವ ಮಹಾಕಾರ್ಯ ಮಾಡುತ್ತಿದ್ದೆ.

ನಿಜವಾದ ಕೆಲಸ ಮಾಡುತ್ತಿದ್ದವರು ಗಂಗಮ್ಮ. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಯ ಈ ಹೆಂಗಸು ಸೀರೆಯ ಅಂಚಿಗೆ ಹೊಸ ಹೊಸ ವಿನ್ಯಾಸಗಳನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬುತ್ತಿದ್ದರು. ಅವರ ಕೇರಿಯಲ್ಲೊಂದು ಪದ್ಧತಿ: ಮಗ್ಗಕ್ಕೆ ಹೊಸ ವಿನ್ಯಾಸ ಏರಿದ್ದರೆ, ಹೊರಗಿನವರು ಹೊಸ್ತಿಲು ದಾಟುವ ಮೊದಲೇ ನೇಯ್ದಷ್ಟರ ಮೇಲೆ ಬಟ್ಟೆ ಹೊದಿಸಿಬಿಡುವುದು. ಬಂದವನು ಒಡಹುಟ್ಟಿದ ಅಣ್ಣನಾದರೂ ಅಷ್ಟೆ, ಯಾರೂ ಬೇಸರಿಸುವುದಿಲ್ಲ. ಮೊದಲ ಸೀರೆ ಅಂಗಡಿ ಸೇರುವವರೆಗೆ ವಿನ್ಯಾಸ ಬರೆದವರದು, ಆಮೇಲೆ ಊರಿನದು. ಮೊದಲೆಲ್ಲ ಆ ಹಾಳೆಯನ್ನು ದಲ್ಲಾಳಿಯ ಕೈಗೆ ಕೊಡಬೇಕಿತ್ತು, ಅವನು ದಾರಿಯುದ್ದಕ್ಕೂ ಹತ್ತು ಜನಕ್ಕೆ ತೋರಿಸಿಕೊಂಡೇ ಹೋಗುತ್ತಿದ್ದ. ರಫೀಕನ ಸ್ಕ್ಯಾನರು ಬಂದಮೇಲೆ ಹಾಳೆ ನೇರ ಬೆಂಗಳೂರಿನ ಸೀರೆಯಂಗಡಿಗೆ ಹಾರಿ, ಬೇಡಿಕೆ ನೇರ ಗಂಗಮ್ಮನ ಮಗ್ಗಕ್ಕೆ ಇಳಿಯತೊಡಗಿತು. ಇನ್ನೊಂದಿಷ್ಟು ಮನೆಯವರೂ ಹಿಂಬಾಲಿಸಿದರು. ಮೊಳಕಾಲ್ಮೂರಿನಲ್ಲೇ ಒಂದು ಶಾಖೆ ತೆರೆಯುವ ಹುಮ್ಮಸ್ಸಿನಲ್ಲಿದ್ದ ರಫೀಕ್.

ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಎಲ್ಲೋ ಯಾರೋ ಪಡ್ಡೆಗಳು ಪ್ಲೈವುಡ್ಡಿನ ಮರೆಯಲ್ಲಿ ಕೂತು ನೋಡಬಾರದ್ದನ್ನು ನೋಡಿದರಂತೆ. ಆದ್ದರಿಂದ ಇನ್ನು ಮುಂದೆ ಯಾವ ಕೆಫೆಯಲ್ಲೂ ಮರೆ ಇರಕೂಡದು, ಕಂಪ್ಯೂಟರುಗಳೆಲ್ಲ ಬೀದಿಗೆ ಮುಖ ಮಾಡಿರಬೇಕು. ಕದ್ದು ನೋಡುವವರನ್ನು ಹಿಡಿಯಲಾರದ ಘನ ಸರ್ಕಾರ, ಎಲ್ಲರೂ ಎಲ್ಲರದನ್ನೂ ನೋಡಿಕೊಳ್ಳಲಿ ಎಂದು ತೀರ್ಮಾನಿಸಿತ್ತು. ಬ್ಯಾಂಕಿನ ಲಾಕರುಗಳನ್ನು ರಸ್ತೆಗೆ ತೆರೆದಿಡಿ ಎನ್ನುವುದಿಲ್ಲ, ಅಂಚೆಯವರಿಗೆ ಲಕೋಟೆ ಒಡೆದೇ ಹಂಚಿ ಎನ್ನುವುದಿಲ್ಲ. ಪಾಪದ ರಫೀಕನ ಮೇಲೆ ಮಾತ್ರ ಈ ಪಾರದರ್ಶಕತೆಯ ಪ್ರಯೋಗ! ಮುಂದಿನ ವಾರ ನಾನು ಇ-ಮೇಲ್ ಓದುತ್ತಿದ್ದಾಗ ದಾರಿಯಲ್ಲಿ ನಿಂತಿದ್ದ ಮಿಲ್ಲಿನ ಗುಮಾಸ್ತರು ಅನುಕಂಪದಿಂದ ಕೇಳಿದರು: “ಮೇಷ್ಟ್ರೇ, ನಿಮ್ ಭಾವಮೈದ್ನಂಗೆ ಮೂಲವ್ಯಾಧಿ ಐತಂತಲ್ರೀ, ಯಾವಾಗಿಂದ?”

ನನ್ನ ಮಾನದ್ದೇನು, ಹೋದರೆ ಹೋಯಿತು. ಗಂಗಮ್ಮ ಬಂದದ್ದು ಅದೇ ದಿನ. ಕುದಾಪುರದ ಕಡೆಗಿನ ಅಕ್ಕನ ಮನೆಗೆ ಹೋಗುವಾಗ ಹುಲ್ಲುಗಾವಲಿನಲ್ಲಿ ನೆಗೆಯುವ ಕೃಷ್ಣಮೃಗಗಳನ್ನು ಕಂಡಿದ್ದರಂತೆ. ಅವನ್ನು ಒಂದರ ಹಿಂದೊಂದು ನೆಗೆಸಿ ಅಂಚು ಬರೆದು ತಂದಿದ್ದರು. ಅಷ್ಟು ಚಂದದ ಅಂಚನ್ನು ನಾನು ಕಂಡಿರಲಿಲ್ಲ. ಅದು ಮೆಚ್ಚುಗೆಯಾದರೆ ಬೆಂಗಳೂರಿನ ಅಂಗಡಿಯವರು ಮದುವೆ ಕಾಲಕ್ಕೆ ಮಗ್ಗಕ್ಕೆ ಪೂರ್ತಿ ಕೆಲಸ ಕೊಡುವ ಮಾತಿತ್ತು. ಸ್ಕ್ಯಾನರು ಗುಂಯ್ಗುಟ್ಟಿ ಜಿಂಕೆಗಳು ಬೀದಿಯ ಕಡೆ ನೆಗೆದದ್ದೇ ತಡ, ಗಂಗಮ್ಮ ಚೀಲದಿಂದ ದುಪ್ಪಟಿ ತೆಗೆದು ಕಂಪ್ಯೂಟರಿಗೆ ಹೊದಿಸಿ, ತಾವೂ ಅದರೊಳಗೆ ತಲೆ ತೂರಿಸಿ ಕೂತರು. ಮಗ್ಗದ ಮುಂದೆ ಜೀವಮಾನವಿಡೀ ಮಾಡಿದ್ದನ್ನೇ ಅಲ್ಲಿಯೂ ಮಾಡಿದ್ದರು.

ತಪಾಸಣೆಯ ಅಧಿಕಾರಿಗಳು ಆಗಲೇ ಬರಬೇಕೆ? ಬೀದಿಗೆ ತೆರೆದ ಅಂಗಡಿಯಲ್ಲಿ ಮುಸುಕು ಹಾಕಿಕೊಂಡು ನೋಡುತ್ತಿದ್ದಾರೆಂದರೆ ಅವರಿಗೆ ಅನುಮಾನಕ್ಕೆಡೆಯೇ ಉಳಿಯಲಿಲ್ಲ.

“ಏನ್ ನೋಡ್ತಿದೀಯಮ್ಮ ಒಳಗೆ? ತೆಗಿ ಅದನ್ನ.”

“ಡಿಸೈನು ಸಾರ್, ಹೊಸದೈತೆ. ಈ ಜನ ಅತ್ಲಾಗ್ ಹೋಗ್ಲಿ, ನಿಮಗೆ ತೋರಿಸ್ತೀನಿ.”

ನಾನು ನಡುವೆ ಬಾಯಿ ಹಾಕಿದೆ. ಪಾಠವನ್ನು ಶಾಲೆಯಲ್ಲಿ ಮಾಡುವಂತೆ ಸೂಚನೆಯಾಯಿತು. ಅಧಿಕಾರಿಗಳು ಸ್ವಹಸ್ತದಿಂದ ದುಪ್ಪಟಿ ಎಳೆದರು. ಸಂತೆಯೇ ಸೇರಿತ್ತು. ಏನನ್ನೋ ಬಯಸಿ ಬಂದವರೆಲ್ಲ ಜಿಂಕೆಗಳನ್ನು ಕಂಡು ನಿರಾಸೆಯಿಂದ ಚದುರಿದರು. ಇಬ್ಬರು ಸೀರೆ ದಲ್ಲಾಳಿಗಳು ಮಾತ್ರ ಕಣ್ಣು ಕೀಳದೆ ನಿಂತೇ ಇದ್ದರು. ತಮ್ಮ ನಿರಾಸೆಯನ್ನು ಅಧಿಕಾರಿಗಳು ರಫೀಕನ ಮೇಲೆ ತೀರಿಸಿಕೊಂಡರು: ಕಂಪ್ಯೂಟರು ಮುಚ್ಚಲು ಬಿಟ್ಟದ್ದು ನಿಯಮೋಲ್ಲಂಘನೆ, ಅಂಗಡಿಗೆ ಬೀಗಮುದ್ರೆ.

“ಸಾಬ್, ಇ-ಮೇಲು ಅರ್ಧ ಹೋಗೈತೆ, ಎರಡೇ ನಿಮಿಷ ಕೊಡ್ರಿ,” ಎಂದು ರಫೀಕ್ ಕೈ ಮುಗಿದ. ಕೊಡಲಿಲ್ಲ. ಜಿಂಕೆಗಳು ಅರ್ಧದಾರಿಯಲ್ಲೇ ನಿಂತವು.

ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ. ನಿಯಮವೇ ಬೇಡವೆಂಬ ಮೂರ್ಖನಲ್ಲ ನಾನು. ಮಕ್ಕಳಿರುವ ಊರಿಗೆ ಒಂದಿಷ್ಟು ಅಂಕೆ ಬೇಕು. ಆದರೆ ಆ ಸುತ್ತೋಲೆ ಬರೆದವರ ಕಲ್ಪನೆಯಲ್ಲಿ ಮರೆಯಲ್ಲಿ ಕೂತವರೆಲ್ಲ ಕೆಟ್ಟದ್ದನ್ನೇ ಮಾಡುವವರು. ಹೊಸದೊಂದು ಹುಟ್ಟುವುದಕ್ಕೂ ಕೊಂಚ ಮರೆ ಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ. ವೇದಿಕೆ ಹತ್ತಿದರೆ ಹಳ್ಳಿ ಹಳ್ಳಿಗೆ ಕಂಪ್ಯೂಟರು ಎನ್ನುವವರೂ ಇವರೇ. ಮುದ್ರೆ ತೆಗೆಸಲು ತಿಂಗಳುಗಟ್ಟಲೆ ಅಲೆದ ರಫೀಕ್, ಕೊನೆಗೆ ಇಂಟರ್‌ನೆಟ್ಟಿಗೆ ಕೈ ಮುಗಿದು ಜೆರಾಕ್ಸ್ ಯಂತ್ರ ತಂದಿಟ್ಟ. ಒಂದಿದ್ದದ್ದನ್ನು ಹತ್ತು ಮಾಡುವ ಆ ಯಂತ್ರಕ್ಕೆ ಯಾವ ಅಡ್ಡಿಯೂ ಬರಲಿಲ್ಲ.

ಮದುವೆ ಕಾಲಕ್ಕೆ ಚಳ್ಳಕೆರೆಯ ಅಂಗಡಿಯೊಂದರ ಬಾಗಿಲಲ್ಲೇ ಅದೇ ಜಿಂಕೆಗಳು ತೂಗಾಡುತ್ತಿದ್ದವು, ಪವರ್‌ಲೂಮಿನ ಅಗ್ಗದ ಸೀರೆಯ ಮೇಲೆ. ನನ್ನ ಹೆಂಡತಿಗೆ ಕೊಳ್ಳುವ ಮನಸ್ಸಾಗಲಿಲ್ಲ, ನನಗೆ ಅಲ್ಲಿ ನಿಲ್ಲುವ ಮನಸ್ಸಾಗಲಿಲ್ಲ. ಮರುದಿನವೇ ಮೊಳಕಾಲ್ಮೂರಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಗಂಗಮ್ಮನ ಮನೆಯ ಬಾಗಿಲು ಹಾರುಹೊಡೆದಿತ್ತು, ಮಗ್ಗ ನಡೆದಿತ್ತು. ನಾನು ಒಳಗೆ ಕಾಲಿಟ್ಟರೂ ಯಾರೂ ಏನನ್ನೂ ಮುಚ್ಚಲಿಲ್ಲ.

ಹೊಸದೇನೂ ಬರೆಯಲಿಲ್ಲವೇ ಎಂದು ಕೇಳಿದೆ.

“ಯಾಕ್ ಬರೀಬೇಕ್ರಿ ಮೇಷ್ಟ್ರೇ?” ಎಂದರು ಗಂಗಮ್ಮ, ನನಗೆ ಚಾಪೆ ಹಾಸುತ್ತ. “ಹಳೇ ಅಂಚಾದ್ರೆ ಯಾವ ಕಳ್ಳನೂ ಬರಲ್ಲ, ಯಾವ ಸರ್ಕಾರನೂ ಬರಲ್ಲ.”