ನಾನು ಕಿತ್ತುಹಾಕಿದ ಪ್ರೋಗ್ರಾಂ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶ್ರದ್ಧಾಂಜಲಿಯ ಫ್ಲೆಕ್ಸು, ಎಲ್ಲದಕ್ಕೂ ಜನ ನಮ್ಮಲ್ಲಿಗೇ ಬರುತ್ತಾರೆ. ಅಕ್ಷರ ಜೋಡಿಸುವುದು ನಮ್ಮ ಮನೆಯವರ ಕೆಲಸ. ಝೆರಾಕ್ಸ್ ತೆಗೆಯುವುದು, ಅರ್ಜಿ ತುಂಬುವುದು, ಗಿರಾಕಿಗಳ ಜೊತೆ ಬಾಯಿ ಮಾಡುವುದು ನನ್ನ ಪಾಲಿಗೆ. ಬಾಯಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಆ ಸಾಲಿನಲ್ಲಿ ಇನ್ನೂ ಹುಟ್ಟಿಲ್ಲ.

ಅವತ್ತು ಅವರು ಪೇಪರ್ ತರಲು ಹರಪನಹಳ್ಳಿಗೆ ಹೋಗಿದ್ದರು. ನನ್ನ ಕಂಪ್ಯೂಟರ್ ಕೈಕೊಟ್ಟಿದ್ದರಿಂದ, ಚುಚ್ಚಿದಂತೆಯೇ ಇದ್ದ ಇಯರ್‌ಫೋನನ್ನು ಪಕ್ಕಕ್ಕೆ ಸರಿಸಿ ಅವರದರ ಮುಂದೆ ಕೂತೆ. ಒಂದು ಫೈಲ್ ತೆರೆಯಲಿಕ್ಕೆ ಅದು ತೆಗೆದುಕೊಂಡ ಹೊತ್ತಿನಲ್ಲಿ ಅಂಗಡಿ ಗುಡಿಸಿ ನೀರು ಹೊಡೆದು ಬರಬಹುದಿತ್ತು. ಹಿಂದೊಮ್ಮೆ ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಹತ್ತಿ ಲಗ್ನದ ಸೀಜನ್ನಿನ ಕಾರ್ಡುಗಳೆಲ್ಲ ಮಾಯವಾಗಿದ್ದವು. ಆ ಭಯ ಇನ್ನೂ ಹೋಗಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು, ಹಿಂದೆ ಸದ್ದಿಲ್ಲದೆ ಓಡುತ್ತಿರುವ ಪ್ರೋಗ್ರಾಂಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಎಲ್ಲವೂ ಪರಿಚಯದವೇ, ಒಂದು ಮಾತ್ರ ನಾನು ಯಾವತ್ತೂ ನೋಡದ ಹೆಸರು.

ಎಂಡ್ ಟಾಸ್ಕ್ ಒತ್ತಿದೆ, ಹೋಯಿತು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರೆ ಅದೂ ತಿರುಗಿ ಹಾಜರ್! ಇದನ್ನು ಹೀಗೇ ಬಿಟ್ಟರಾಗದು ಎಂದು ಮೊಬೈಲಿನಲ್ಲಿ ಅದರ ಹೆಸರು ಹಾಕಿ ಹುಡುಕಿದೆ. ಕಳ್ಳ ಪ್ರೋಗ್ರಾಂ ಏನಲ್ಲ. ಪರದೆಯ ಮೇಲೆ ಇರುವುದನ್ನು, ಒತ್ತಿದ ಕೀಲಿಯನ್ನು ಕಣ್ಣು ಕಾಣದವರಿಗೆ ಓದಿ ಹೇಳುವಂಥದ್ದು. ನನಗೆ ನಗು ಬಂತು. ಫಾಂಟ್ ಇಳಿಸಿಕೊಳ್ಳುವಾಗ ಅದರ ಬೆನ್ನಿಗೆ ಇದೂ ಬಂದು ಕೂತಿರಬೇಕು, ನಮ್ಮ ಅಂಗಡಿಯಲ್ಲಿ ಇದು ಯಾರಿಗೆ ಬೇಕು ಎಂದುಕೊಂಡು ಬೇರುಸಹಿತ ಕಿತ್ತುಹಾಕಿದೆ. ಅವರು ಬಂದ ಮೇಲೆ ಹೇಳಿ ಜಂಬ ಕೊಚ್ಚಿಕೊಳ್ಳಬೇಕೆಂದೂ ಇದ್ದೆ.

ಮಧ್ಯಾಹ್ನ ಅವರು ಬಂದರು. ಬೆನ್ನಿಗೇ ಇಲ್ಲೇ ಹತ್ತಿರದ ಅರಸೀಕೆರೆ ಹಳ್ಳಿಯ ಗಿರಾಕಿಯೂ ಬಂದ, ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲು. ನಮ್ಮವರು ಎಂದಿನಂತೆ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೂತರು. ಕೆಲಸ ಮಾಡುತ್ತ ಹಳೇ ಹಾಡು ಕೇಳುತ್ತಾರೆ ಎಂದೇ ನಾನು ತಿಳಿದಿದ್ದೆ.

"ಸರ, ಇದರಾಗ ನಮ್ಮವ್ವನ ಹೆಸರು ಬಿಟ್ಟು ಹೋಗೈತಿ ನೋಡ್ರಿ," ಎಂದ ಗಿರಾಕಿ.

"ಎಲ್ಲಿ ಬರಬೇಕ್ರಿ?"

"ಇಲ್ಲೇ ಬರಬೇಕಲ್ರಿ, ನಿಮ್ಮ ಕಣ್ಣೆದುರಿಗೇ," ಎಂದು ಪರದೆಗೆ ಬೆರಳಿಟ್ಟ.

ಮೌಸಿನ ಬಾಣ ಆ ಬೆರಳಿನ ಹತ್ತಿರ ಹೋಗಲಿಲ್ಲ. ಮೂಲೆಯಲ್ಲೆಲ್ಲೋ ಸುಮ್ಮನೆ ಅತ್ತಿಂದಿತ್ತ ಓಡಾಡಿತು. ಅವರು ಇಯರ್‌ಫೋನಿನ ಪಿನ್ ಕಿತ್ತು ಮತ್ತೆ ಚುಚ್ಚಿದರು. ಯಾವ್ಯಾವುದೋ ಕೀಲಿ ಒತ್ತಿ ತಲೆ ಬಗ್ಗಿಸಿ ಕಾದರು.

"ಏ, ಈ ಕಂಪ್ಯೂಟರಿಗೆ ಏನರ ಮಾಡೀಯೇನ?" ಎಂದು ನನ್ನನ್ನು ಕೇಳಿದರು.

"ಹ್ಞೂಂ ಮತ್ತ, ಯಾವುದೋ ಬ್ಯಾಡಾದ್ದು ಬಂದು ಕೂತಿತ್ತು. ತಗದು ಒಗದೀನಿ."

"ಯಾವುದು?"

"ಅದರಿ, ಕಣ್ಣು ಕಾಣದವರಿಗೆ ಓದಿ ಹೇಳೋದು. ನಮಗ್ಯಾಕ ಅದು?"

ಅವರ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತಿದ್ದವು. ಅದು ತಾನಾಗಿ ಬಂದು ಕೂತದ್ದಲ್ಲ, ಇವರೇ ಹಾಕಿಕೊಂಡದ್ದು ಎಂದು ಆಗ ನನಗೆ ತಿಳಿಯಿತು.

"ಯಜಮಾನ್ರ, ಒಂದು ಚಾ ಕುಡದು ಬರ್ರಿ, ಅಷ್ಟರಾಗ ಮಾಡಿಡ್ತೀವಿ," ಎಂದು ಗಿರಾಕಿಯನ್ನು ಹೇಗೋ ಹೊರಗೆ ಕಳಿಸಿದೆ. ಅವರ ಪಕ್ಕ ಕುರ್ಚಿ ಹಾಕಿಕೊಂಡು ಆ ಪ್ರೋಗ್ರಾಂ ಮತ್ತೆ ಇಳಿಸಲು ಹಚ್ಚಿದೆ. ನೆಟ್ ಆಮೆಯಂತೆ ಸಾಗುತ್ತಿತ್ತು.

"ಯಾವಾಗಿಂದ್ರಿ?"

"ಬಾಳ ದಿವಸ ಆತು. ಶುಗರ್ ಕಣ್ಣಿಗೆ ಇಳದೈತಿ ಅಂದ್ರು ದಾವಣಗೇರಿ ಡಾಕ್ಟ್ರು. ಸುತ್ತ ಕಾಣತೈತಿ. ನೆಟ್ಟಗ ನೋಡಿದ ಕಡೆ, ನಟ್ಟನಡುವ ಅಷ್ಟ ಮಬ್ಬು."

ಹಾಗಾಗಿಯೇ ರಸ್ತೆಯಲ್ಲಿ ಎಡವುತ್ತಿರಲಿಲ್ಲ, ಬಸ್ಸಿನ ಮೆಟ್ಟಿಲು ತಪ್ಪುತ್ತಿರಲಿಲ್ಲ, ನನಗೂ ಏನೂ ಗೊತ್ತಾಗಲಿಲ್ಲ. ಇಯರ್‌ಫೋನಿನ ದನಿಯೊಂದನ್ನು ನಂಬಿಕೊಂಡು ಊರವರ ಹೆಸರುಗಳನ್ನೆಲ್ಲ ತಪ್ಪಿಲ್ಲದೆ ಜೋಡಿಸುತ್ತಿದ್ದರು.

"ನನಗರ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ನೀನು ಸುಮ್ನ ಇರ್ತಿದ್ದ್ಯಾ? ನಾಕ ಮಂದಿ ಕೂಡ ಅಳ್ತಿದ್ದಿ. ಊರಿಗೆಲ್ಲ ಗೊತ್ತಾದ್ರ ನನ್ನ ಕಡೆ ಲಗ್ನಪತ್ರಿಕಿ ಯಾರು ಕೊಡ್ತಾರ?"

ನಿಜವೇ. ಸುಮ್ಮನಿರುವವಳಲ್ಲ ನಾನು. ಆದರೂ ಕಟ್ಟಿಕೊಂಡ ಹೆಂಡತಿಗೇ ಹೆದರಿ, ಇಷ್ಟು ದೊಡ್ಡದನ್ನು ಒಬ್ಬರೇ ಹೊತ್ತುಕೊಂಡು ನನ್ನ ಪಕ್ಕದಲ್ಲೇ ದಿನಾ ಕೂತಿದ್ದರಲ್ಲ ಎಂದು ಸಂಕಟವಾಯಿತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

"ಅಕ್ಷರ ಒಟ್ಟ ಕಾಣೂದ ಇಲ್ಲೇನ್ರಿ?"

"ಮೊದಮೊದಲು ದೊಡ್ಡವು ಮಾಡಿಕೊಂಡು ನೋಡ್ತಿದ್ದೆ. ಆಮ್ಯಾಲೆ ಪರದಿ ತುಂಬ ಒಂದ ಅಕ್ಷರ ಹಿಡಿಯೂವಷ್ಟು ಮಾಡಿಕೊಂಡೆ. ಈಗ ಅದೂ ಇಲ್ಲ." ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. "ಅಕ್ಷರಾನರ ದೊಡ್ಡವು ಮಾಡಿಕೊಂಡೆ. ನಿನ್ನ ಮುಖ ಹೆಂಗ ದೊಡ್ಡದು ಮಾಡಿಕೊಳ್ಳಲಿ? ಅದು ಮೊದಲ ಹೋತು."

ಕುರ್ಚಿಯನ್ನು ಅವರ ಮೊಣಕಾಲಿಗೆ ತಾಗುವಷ್ಟು ಎಳೆದುಕೊಂಡು, ಅವರ ಮುಖಕ್ಕೆ ಮುಖ ಕೊಟ್ಟು ಕೂತೆ.

"ಈಗ?" ಅಂದೆ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಇಲ್ಲವೆಂದು ತಲೆಯಾಡಿಸಿದರು.