ಕುಂಟಿಗಾಗಿ ನಿಂತ ಕಾಲು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನನ್ನ ಕಾಕಾ ಅಂದು ಆಸ್ಪತ್ರೆಗೆ ಸುತ್ತಿಕೊಂಡು ಬಂದಿದ್ದ ರುಮಾಲು ಹಳದಿಯೋ ಕೆಂಪೋ, ಈಗ ಹೇಳಲಾರೆ. ಅಳೆಯಲು ಬಾರದ್ದನ್ನು ನಾನು ನಂಬುತ್ತಿರಲಿಲ್ಲ. ನನ್ನ ನೆನಪನ್ನೂ ಅಷ್ಟೇ.

ಗೋಕಾಕದ ಒಂದು ಆಸ್ಪತ್ರೆಯಲ್ಲಿ ಎದೆ ಮತ್ತು ಉಸಿರಿನ ತೊಂದರೆಯವರನ್ನು ನಡೆಸಿ ನೋಡುವುದು ನನ್ನ ಕೆಲಸ. ಮೂವತ್ತು ಮೀಟರಿನ ಪಡಸಾಲೆ, ಆರು ನಿಮಿಷ. ಶಕ್ತಿ ಇದ್ದಷ್ಟು ಸಲ ಹೋಗಿ ಬರಬೇಕು. ನಿಂತರೆ ಅದನ್ನೂ ಬರೆದುಕೊಳ್ಳುತ್ತೇನೆ. ಬೆರಳಿಗೆ ಹಾಕಿದ ಕ್ಲಿಪ್ಪು ನಾಡಿ, ಆಮ್ಲಜನಕ ತೋರಿಸುತ್ತದೆ. ನಡುವೆ ಹರಟುವಂತಿಲ್ಲ.

ಮಸಗುಪ್ಪಿಯ ನನ್ನ ಕಾಕಾ ಕುರಿ ಕಾಯುವವನು. ಏರು ಹತ್ತುವಾಗ ದಮ್ಮು ಬರುತ್ತಿತ್ತು. ನಡಿಗೆಯ ಅಳತೆ ತೀರಾ ಕಡಿಮೆ ಬಂದರೆ ಹಿಂಡಿನ ಜೊತೆ ಹೋಗುವುದನ್ನು ಬಿಡಿಸಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಕಾಕಿ ತೊಡೆಯ ಮೇಲೆ ಚೀಲವಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದಳು.

"ಕುರಿ ಇಲ್ಲದ ಬರೇ ನಡಿಯಾಕ ನಾ ಏನ್ ಸಾಲಿ ಮಾಸ್ತರ ಅದೀನೇನವಾ?" ಎನ್ನುತ್ತ ಕಾಕಾ ಹೊರಟ. ಎರಡನೇ ಸುತ್ತಿನಲ್ಲಿ ನಿಂತು ಹಿಂದೆ ನೋಡಿದ. ಆಗ ನನಗೆ ಸಣ್ಣ ಗಂಟೆಯ ಸದ್ದು ಕೇಳಿಸಿತು. ಎರಡು ಸಲ ಬೇಗ ಬೇಗ, ಮೂರನೆಯದು ತಡೆದು. ಸದ್ದು ನಿಂತ ಮೇಲೆ ಕಾಕಾ ಹೆಜ್ಜೆ ಇಟ್ಟ. ಹೀಗೆ ನಾಲ್ಕು ಸಲ. ಏದುಸಿರಿರಲಿಲ್ಲ, ಆಮ್ಲಜನಕ ತೊಂಬತ್ತೈದು. ಆದರೂ ನಡೆದದ್ದು ಇನ್ನೂರ ನಲವತ್ತು ಮೀಟರು ಮಾತ್ರ.

"ಯಾಕ ನಿಂತಿ ಕಾಕಾ? ದಮ್ಮು ಹತ್ತಿತೇನು?"

"ದಮ್ಮಲ್ಲವಾ. ಕುಂಟಿ ಹಿಂದ ಉಳೀತು."

ಕುಂಟಿ ಎಂದರೆ ಅವನ ಹಿಂಡಿನ ಕುಂಟು ಕುರಿ. ಅದು ಸತ್ತು ವರ್ಷವಾಗಿತ್ತು. ನೆನಪಿಸಿದೆ.

"ನನಗ ಗೊತ್ತೈತಿ," ಎಂದ ಕಾಕಾ. "ಕಾಲಿಗೆ ಗೊತ್ತಿಲ್ಲ."

"ನಾ ಹಿಂದ ಉಳದ್ರ ಹಿಂಗ ಒಮ್ಮೆರೆ ನಿಂತಾನೇನ ಕೇಳು ನಿನ್ನ ಕಾಕಾಗ," ಎಂದಳು ಬೆಂಚಿನಿಂದ ಕಾಕಿ.

ಒಂದು ತಾಸು ಕೂರಿಸಿ ಮತ್ತೆ ನಡೆಸಿದೆ. ಹೊರಡುವ ಮುಂಚೆ, ಯಾವ ಪುಸ್ತಕದಲ್ಲೂ ಇಲ್ಲದ ಮಾತು ಹೇಳಿದೆ: "ಕುಂಟಿನ್ನ ಕಾಕಿ ಹಿಡಕೊಂಡು ಕುಂತಾಳ. ನೀ ಹಿಂದ ನೋಡಬ್ಯಾಡ." ಕಾಕಾ ಒಮ್ಮೆಯೂ ನಿಲ್ಲಲಿಲ್ಲ. ಮುನ್ನೂರ ಎಂಬತ್ತು ಮೀಟರು. ಗಂಟೆಯೂ ಕೇಳಿಸಲಿಲ್ಲ. ಎರಡೂ ಹಾಳೆ ನೋಡಿದ ಡಾಕ್ಟರು ಗುಳಿಗೆ ಬರೆದು, ಏರು ನಿಧಾನ ಹತ್ತು ಎಂದಷ್ಟೇ ಹೇಳಿ ಕಳಿಸಿದರು. ಇವತ್ತೂ ಕಾಕಾ ಘೋಡಗೇರಿ ಕಡೆ ಹಿಂಡಿನ ಜೊತೆ ಇದ್ದಾನೆ.

ಮೊದಲ ಹಾಳೆಯಲ್ಲಿ ನಾಲ್ಕು ನಿಲುಗಡೆಗಳ ಎದುರೂ ನನ್ನ ಅಕ್ಷರದಲ್ಲೇ 'ಗಂಟೆ' ಎಂದಿದೆ. ಕಾಕಾ ಕುಂಟಿಯ ಹೆಸರೆತ್ತುವ ಮೊದಲೇ ಬರೆದೆನೋ, ಆಮೇಲೋ, ಖಾತ್ರಿಯಿಲ್ಲ. ಪಡಸಾಲೆಯಲ್ಲಿ ಬೇರೆ ಯಾರೂ ಅದನ್ನು ಕೇಳಿದಂತಿರಲಿಲ್ಲ.

ಕುಂಟಿಯ ಕೊರಳ ಗಂಟೆ ಮಸಗುಪ್ಪಿಯ ಮನೆಯಲ್ಲಿ, ಒಲೆಯ ಮೇಲಿನ ಮೊಳೆಗೆ ತೂಗುಹಾಕಿದೆ. ಹೋದ ತಿಂಗಳು ಅಲ್ಲಿ ಉಣ್ಣುತ್ತ ಕೂತಾಗ ಕಾಕಿಯನ್ನು ಒಂದು ಮಾತು ಕೇಳಿದೆ. ಆಕೆ ನಕ್ಕು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಕೇಳಿದ್ದು ಇಷ್ಟೇ:

"ಕಾಕಿ, ಆ ದಿವ್ಸ ಈ ಗಂಟಿ ನಿನ್ನ ಚೀಲದಾಗ ಇತ್ತೇನು?"