ಕಡ್ಡಿಪೆಟ್ಟಿಗೆ ಹಿಡಿದ ಕೈ

ನಾನು ಎಡಚಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಲಗ್ನದ ಕಾಲಕ್ಕೆ ನಮ್ಮ ಮನೆಯವರು ಇದನ್ನು ಆಮೇಲೆ ಹೇಳಿದರಾಯಿತು ಎಂದುಕೊಂಡು ಎರಡು ಸಂಬಂಧ ಕಳೆದುಕೊಂಡರು. ಮೊದಲು ನೋಡಲು ಬಂದವರು ಅಫಜಲಪುರದವರು. ಆಗ ಹೆಣ್ಣು ನೋಡುವುದೆಂದರೆ ಮುಖ ನೋಡಿ ಹೋಗುವುದಷ್ಟೇ ಅಲ್ಲ. ಗಂಡಿನ ತಾಯಿ ಒಲೆಯ ಮುಂದೆ ಕುಳಿತು, ಹುಡುಗಿ ಜೋಳದ ರೊಟ್ಟಿ ಬಡಿಯುವುದನ್ನು ಕಣ್ಣಾರೆ ನೋಡಬೇಕು. ನಾನು ಎಡಗೈಯಿಂದ ಬಡಿದೆ. ಅವರು ರೊಟ್ಟಿ ತಿಂದು, ಚಲೋ ಆಗಿದೆ ಎಂದು ಹೇಳಿ ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಎರಡನೆಯವರು ಆಳಂದದವರು. ಆ ಸಲ ಅವ್ವ ಬಲಗೈಯಿಂದ ಬಡಿಯುವುದನ್ನು ಹದಿನೈದು ದಿನ ಕಲಿಸಿದ್ದಳು. ಮೊದಲ ರೊಟ್ಟಿ ಮೂರು ಹೋಳಾಯಿತು. ಗಾಬರಿಯಲ್ಲಿ ಎರಡನೆಯದಕ್ಕೆ ನನ್ನ ಕೈ ತಾನಾಗಿಯೇ ಬದಲಾಯಿತು. ಆಳಂದದವರು ತಿನ್ನದೆಯೇ ಎದ್ದರು.

ಅವರದು ತಪ್ಪೆನ್ನಲಾರೆ. ಎಡಗೈ ಎಂದರೆ ತೊಳೆದುಕೊಳ್ಳುವ ಕೈ. ಅದರಿಂದ ಹಿಟ್ಟು ಮುಟ್ಟುವ ಸೊಸೆ ಯಾರಿಗೆ ಬೇಕು? ನಮ್ಮ ಅಪ್ಪನೇ ನನ್ನ ಎಡಗೈಯಿಂದ ರೊಟ್ಟಿ ತೆಗೆದುಕೊಳ್ಳುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ನಾನು ಮರೆತು ಎಡಗೈ ಚಾಚಿದರೆ ತಾಟನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ನಾನು ಕೈ ಬದಲಾಯಿಸುವ ತನಕ ಗೋಡೆ ನೋಡುತ್ತ ಕೂಡುತ್ತಿದ್ದ. ನಾನು ಐದು ವರ್ಷದವಳಿದ್ದಾಗ, ಬಲಗೈ ರೂಢಿಯಾಗಲಿ ಎಂದು ನನ್ನ ಎಡಗೈಯನ್ನು ಧೋತರದ ತುಂಡಿನಿಂದ ಬೆನ್ನಿಗೆ ಕಟ್ಟಿದವನೂ ಅವನೇ. ಒಂದು ತಿಂಗಳು ಕಟ್ಟಿದ. ರೂಢಿಯಾಗಲಿಲ್ಲ. ಆ ತಿಂಗಳು ಪೂರ್ತಿ ಅವ್ವ ನನಗೆ ಉಣ್ಣಿಸಬೇಕಾಯಿತು, ಅಷ್ಟೇ.

ಅಪ್ಪ ಜೇವರ್ಗಿಯ ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಹರೆಯದಲ್ಲಿ ಎರಡು ವರ್ಷ ಸೊಲ್ಲಾಪುರದ ಮಿಲ್ಲಿನಲ್ಲಿ ಫಿಟರನ ಕೈಕೆಳಗೆ ದುಡಿದು ಬಂದವನಾದ್ದರಿಂದ, ಊರಿನವರ ಲೆಕ್ಕದಲ್ಲಿ ಅವನಿಗೆ ಇಂಗ್ಲೀಷು ಬರುತ್ತಿತ್ತು. ಯಾರಾದರೂ ಔಷಧದ ಬಾಟಲಿ ತಂದು ಓದಿಸಿದರೆ ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ಇಂಗ್ಲೀಷೇ, ಆದರೆ ನನಗೆ ಬರುವ ಇಂಗ್ಲೀಷಲ್ಲ ಎಂದು ತಿರುಗಿ ಕೊಡುತ್ತಿದ್ದ. ಹೀಗೆ ಹೇಳುತ್ತಿದ್ದುದರಿಂದಲೇ ಊರಲ್ಲಿ ಅವನ ಮಾತಿಗೆ ತೂಕವಿತ್ತು. ಹೊಲದ ಬದುವಿನ ಜಗಳವಿರಲಿ, ಎತ್ತಿನ ವ್ಯಾಪಾರವಿರಲಿ, ಸಾಕ್ಷಿಗೆ ಅಪ್ಪನನ್ನು ಕರೆಯುತ್ತಿದ್ದರು. ಗಿರಣಿಯವನು ಕಂಡೆ ಎಂದರೆ ಕಂಡ ಹಾಗೆಯೇ.

ದೊಡ್ಡ ಯುದ್ಧ ನಡೆದಿದ್ದ ಕಾಲ. ಜೋಳದ ರಾಶಿ ಮುಗಿದ ಮೇಲೆ ನಮ್ಮೂರ ಸಂತೆ ಬಯಲಿಗೆ ಸಿನಿಮಾದ ತಂಬು ಬಂತು. ಅದು ಆಳಂದದಲ್ಲಿ ಕೆಲವು ದಿನ, ಅಫಜಲಪುರದಲ್ಲಿ ಕೆಲವು ದಿನ ನಿಂತು, ಚೌಡಾಪುರದ ಮೇಲೆ ಹಾದು ನಮ್ಮಲ್ಲಿಗೆ ಬಂದಿತ್ತು. ನನ್ನನ್ನು ಬೇಡವೆಂದ ಊರುಗಳನ್ನೆಲ್ಲ ನೋಡಿಕೊಂಡೇ ಬಂದಿತ್ತು ಅನ್ನಿ. ಗಂಡಸರೂ ಹೆಂಗಸರೂ ಒಂದೇ ಕಡೆ ಕೂಡುವ ಪದ್ಧತಿ ಇರಲಿಲ್ಲವಾದ್ದರಿಂದ ತಂಬಿನ ನಡುವೆ ಅಡ್ಡಲಾಗಿ ಬಿಳಿ ಪರದೆ ಕಟ್ಟಿದ್ದರು. ಮಷೀನು ಇರುವ ಕಡೆ ಗಂಡಸರು; ಪರದೆಯ ಹಿಂದೆ ಹೆಂಗಸರು. ಬೆಳಕು ಬಟ್ಟೆ ತೂರಿ ನಮ್ಮ ಕಡೆಗೂ ಬರಲೆಂದು ಆಟ ಶುರುವಾಗುವ ಮೊದಲು ಪರದೆಗೆ ಕೊಡ ಕೊಡ ನೀರು ಎರಚಿ ತೋಯಿಸುತ್ತಿದ್ದರು. ಎರಡೂ ಕಡೆ ಒಂದೇ ಸಿನಿಮಾ ಕಾಣುತ್ತದೆ ಎಂದು ಎಲ್ಲರೂ ನಂಬಿದ್ದೆವು. ನಂಬದಿರಲು ಕಾರಣವಿರಲಿಲ್ಲ.

ಬಂದ ಸಿನಿಮಾ ಇಂಗ್ಲೀಷಿನದು. ತಂಬಿನ ಮ್ಯಾನೇಜರು ಊರಲ್ಲಿ ಇಂಗ್ಲೀಷು ಬಲ್ಲವರು ಯಾರು ಎಂದು ವಿಚಾರಿಸಿದ. ಜನ ಗಿರಣಿ ತೋರಿಸಿದರು. ಅಪ್ಪ ಮೊದಲು ಒಲ್ಲೆ ಎಂದ. ಮ್ಯಾನೇಜರು ಕತೆಯನ್ನು ಉರ್ದುವಿನಲ್ಲಿ ಪೂರ್ತಿ ಹೇಳಿ, ಇದರಲ್ಲಿ ವಿಮಾನವಿದೆ, ವಿಮಾನಕ್ಕೆ ಎಂಜಿನ್ ಇದೆ ಎಂದಮೇಲೆ ಒಪ್ಪಿಕೊಂಡ. ಗಂಡಸರ ಕಡೆ ಪರದೆಯ ಪಕ್ಕಕ್ಕೆ ಕೋಲು ಹಿಡಿದು ನಿಂತು ಕತೆ ಹೇಳುವುದು ಅವನ ಕೆಲಸ. ದನಿ ದೊಡ್ಡದಾದ್ದರಿಂದ ನಮ್ಮ ಕಡೆಗೂ ಕೇಳುತ್ತಿತ್ತು.

ಕತೆ ಇಷ್ಟೇ. ಒಬ್ಬ ಸಾಹುಕಾರನ ಖೂನಿಯಾಗುತ್ತದೆ. ಯಾರು ಮಾಡಿದರೆಂದು ಬಲ್ಲ ಒಬ್ಬನೇ ಒಬ್ಬ ವಿಮಾನ ಹತ್ತಿ ಹೊರಡುತ್ತಾನೆ. ಹಿಂದಿನ ದಿನ ಯಾರೋ ವಿಮಾನದ ನಟ್ಟು ಸಡಿಲಿಸಿರುತ್ತಾರೆ. ವಿಮಾನ ಬಿದ್ದು ಅವನೂ ಸಾಯುತ್ತಾನೆ. ಆಮೇಲೆ ಟೊಪ್ಪಿಗೆಯ ಪತ್ತೇದಾರನೊಬ್ಬ ಬಂದು, ಪಾನಾ ತಿರುಗಿಸಿದ ಗುರುತು ನೋಡಿ, ನಟ್ಟು ಬಿಚ್ಚಿದವನ ಕೈ ಯಾವುದು ಎಂದು ತಿಳಿದುಕೊಳ್ಳುತ್ತಾನೆ. ಕೊನೆಗೆ ಸಂಶಯವಿದ್ದ ಆರು ಜನರನ್ನು ಸಾಲಾಗಿ ನಿಲ್ಲಿಸಿ, ಮಾತಾಡುತ್ತ ಮಾತಾಡುತ್ತ ಒಬ್ಬೊಬ್ಬರ ಕಡೆಗೆ ಕಡ್ಡಿಪೆಟ್ಟಿಗೆ ಎಸೆಯುತ್ತಾನೆ. ಐವರು ಒಂದು ಕೈಯಿಂದ ಹಿಡಿಯುತ್ತಾರೆ. ಆರನೆಯವನು ಇನ್ನೊಂದು ಕೈಯಿಂದ ಹಿಡಿಯುತ್ತಾನೆ. ಅವನಿಗೆ ಗಲ್ಲು.

ಮೊದಲ ದಿನದ ಆಟಕ್ಕೆ ನಾನೂ ಅವ್ವನೂ ಹೋಗಲಿಲ್ಲ. ಮರುದಿನ ಇಜೇರಿಯಿಂದ ನನ್ನನ್ನು ನೋಡಲು ಬರುವವರಿದ್ದರು, ಮನೆ ಸಾರಿಸುತ್ತಿದ್ದೆವು. ಅಪ್ಪ ಆಟ ಮುಗಿಸಿ ಬಂದವನು ಊಟ ಬಿಟ್ಟು ನನ್ನ ಲಗ್ನದ ಮಾತು ತೆಗೆದ. ಇಜೇರಿಯವರನ್ನು ಎಂಟು ದಿನ ಬಿಟ್ಟು ಬರಲು ಹೇಳಬಹುದೇ ಎಂದು ಅವ್ವನನ್ನು ಕೇಳಿದ. ಹುಡುಗಿಗೆ ಹದಿನೇಳು ದಾಟಿದೆ, ಇವರೂ ಹೋದರೆ ಇನ್ನು ಯಾರೂ ಬರುವುದಿಲ್ಲ ಎಂದು ಅವ್ವ ಅಂದಳು. ಅಪ್ಪ ಎದ್ದು ಕೈ ತೊಳೆದುಕೊಂಡ. ಅವನು ಸಿನಿಮಾದ ಚಿಂತೆಯಲ್ಲಿದ್ದಾನೆಂದು ನಮಗೆ ಹೇಗೆ ತಿಳಿಯಬೇಕು?

ಮರುದಿನ ಸಂಜೆ ಇಜೇರಿಯವರ ಬಂಡಿ ಬಂತು. ಗಂಡಿನ ತಂದೆ, ತಾಯಿ, ಒಬ್ಬ ಮಾವ. ಹೆಣ್ಣು ನೋಡುವುದು ಮರುದಿನ ಬೆಳಗ್ಗೆ. ಬರುವ ದಾರಿಯಲ್ಲೇ ಅವರು ತಂಬು ನೋಡಿದ್ದರು. ದಣಿದು ಬಂದಿದ್ದೀರಿ, ಮಲಗಿಕೊಳ್ಳಿರಿ ಎಂದು ಅಪ್ಪ ಹೇಳಿ ನೋಡಿದ. ಅವರಿಗೆ ದಣಿವಾಗಿರಲಿಲ್ಲ. ಸಿನಿಮಾ ಚೆನ್ನಾಗಿಲ್ಲ ಎಂದ. ಅವರು ಯಾವ ಸಿನಿಮಾವನ್ನೂ ನೋಡಿರಲಿಲ್ಲವಾದ್ದರಿಂದ ಅದು ಅಡ್ಡಿಯಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ತಂಬಿನಲ್ಲಿದ್ದೆವು. ಪರದೆಯ ಹಿಂದೆ, ಒದ್ದೆ ನೆಲದ ಮೇಲೆ ಚಾಪೆ ಹಾಸಿಕೊಂಡು, ಗಂಡಿನ ತಾಯಿಯ ಪಕ್ಕದಲ್ಲಿ ನನ್ನನ್ನು ಕೂಡಿಸಿದರು. ನಾನು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.

ಸಿನಿಮಾದಲ್ಲಿ ನನಗೆ ಮೊದಲು ಕಂಡದ್ದು ಖೂನಿಯೂ ಅಲ್ಲ, ವಿಮಾನವೂ ಅಲ್ಲ. ಅಲ್ಲಿ ಎಲ್ಲರೂ ಎಡಚರು. ಎಡಗೈಯಿಂದ ಉಣ್ಣುತ್ತಿದ್ದರು, ಎಡಗೈಯಿಂದ ಬರೆಯುತ್ತಿದ್ದರು, ಒಬ್ಬರಿಗೊಬ್ಬರು ಎಡಗೈ ಕೊಟ್ಟು ಕುಲುಕುತ್ತಿದ್ದರು. ಹಾಗೆ ಮಾಡಿದ್ದಕ್ಕೆ ಅವರ ಮನೆಯಲ್ಲಿ ಯಾರೂ ತಾಟು ಹಿಂದಕ್ಕೆ ಸರಿಸುತ್ತಿರಲಿಲ್ಲ. ವಿಲಾಯತಿಯಲ್ಲಿ ಹುಟ್ಟಬೇಕಿತ್ತು ಅನ್ನಿಸಿತು.

ಪತ್ತೇದಾರ ಕಡ್ಡಿಪೆಟ್ಟಿಗೆ ಎಸೆಯತೊಡಗಿದ. ಒಬ್ಬ ಹಿಡಿದ, ಎಡಗೈ. ಇನ್ನೊಬ್ಬ, ಎಡಗೈ. ಐದನೆಯ ಸಲ ಪೆಟ್ಟಿಗೆ ನೇರ ನಮ್ಮ ಕಡೆಗೇ ಬಂದಂತಾಗಿ, ಸೆರಗಿನೊಳಗಿದ್ದ ನನ್ನ ಎಡಗೈ ಗಾಳಿಯಲ್ಲಿ ಎದ್ದು ನಿಂತಿತು. ಪಕ್ಕದಲ್ಲಿದ್ದ ಗಂಡಿನ ತಾಯಿ ಆ ಕೈ ನೋಡಿದರು. ನಾನು ಇಳಿಸಿದೆ. ಅವರು ಮತ್ತೆ ಪರದೆಯ ಕಡೆ ತಿರುಗಿದರು. ಎಲ್ಲ ಮುಗಿಯಿತು ಎಂದುಕೊಂಡೆ.

ಆರನೆಯವನು ಪೆಟ್ಟಿಗೆ ಹಿಡಿದ. ಆಚೆಯಿಂದ ಅಪ್ಪನ ದನಿ ಬಂತು, ಯಾಕೋ ಎಂದಿಗಿಂತ ಸಣ್ಣಗೆ.

"ನೋಡ್ರಿ, ಇವ ಒಬ್ಬನೇ ಬಲಗೈಲೆ ಹಿಡದಾನ. ಇವನೇ ಖೂನಿಗಾರ."

ಗಂಡಸರ ಕಡೆ ಗಲಾಟೆಯಾಯಿತು. ಅಲ್ಲಿದ್ದವರಲ್ಲಿ ಬಹಳ ಜನ ಹಿಂದಿನ ದಿನವೂ ಬಂದವರು. ಕೊಳಕೂರಿನ ಒಬ್ಬ ಎದ್ದು ನಿಂತು, ಕಾಕಾ, ನಿನ್ನಿ ಎಡಗೈ ಅಂದಿದ್ರಿ, ಇವತ್ತೂ ಎಡಗೈನೇ ಕಾಣಾಕತ್ತದ ಎಂದ. ಅಪ್ಪ, ನಿನ್ನೆ ತಪ್ಪು ನೋಡಿದ್ದೆ ಎಂದ. ಎದುರಿಗೆ ನಿಂತವನ ಎಡಬಲ ತಿಳಿಯುವುದು ಕಷ್ಟ ಎಂದೂ ಸೇರಿಸಿದ. ಮಷೀನಿನವನು ಆಟ ನಿಲ್ಲಿಸಿದ. ಗಂಡಸರು ಇಬ್ಬಿಬ್ಬರಾಗಿ ಎದುರುಬದುರು ನಿಂತು ಕೈ ಎತ್ತಿ ನೋಡಿಕೊಂಡರಂತೆ. ಎತ್ತಿ ನೋಡಿದ ಮೇಲೂ ಎಡಗೈ ಎಡಗೈಯೇ ಆಯಿತು. ಗಿರಣಿಯವನಿಗೆ ಎಡಬಲ ತಿಳಿಯುವುದಿಲ್ಲ ಎಂದು ಯಾರೋ ನಕ್ಕರು. ಆಗ ನನ್ನ ಪಕ್ಕದಲ್ಲಿದ್ದ ಇಜೇರಿಯ ಹೆಣ್ಣುಮಗಳು ಕುಳಿತಲ್ಲಿಂದಲೇ, ಪರದೆಯ ಆಚೆಗೆ ಕೇಳುವಂತೆ ಅಂದರು:

"ಅವರು ಖರೇನೇ ಹೇಳಾಕತ್ತಾರ. ಬಲಗೈನೇ ಅದ. ನಮಗೆಲ್ಲಾ ಕಾಣತದ."

ನಮ್ಮ ಕಡೆಯ ಹೆಂಗಸರೆಲ್ಲ, ಹಿಂದಿನ ದಿನ ಗಂಡಸರ ಮಾತಿಗೆ ಬಾಯಿ ಹಾಕದೆ ಕುಳಿತವರೂ, ಹೌದೆಂದರು. ನಾನೂ ಅಂದೆ. ಬಲಗೈಯೇ ಆಗಿತ್ತು, ನನ್ನ ಕಣ್ಣಿಂದ ನೋಡಿದ್ದೆ.

ಬೆಳಗ್ಗೆ ಒಲೆಯ ಮುಂದೆ ಕುಳಿತೆ. ಅವ್ವ ಬಲಗೈ ಎಂದು ಕಣ್ಣಲ್ಲೇ ಹೇಳಿದಳು. ಬಡಿದೆ. ರೊಟ್ಟಿ ಹರಿಯಿತು. ಗಂಡಿನ ತಾಯಿ ಅದನ್ನು ನೋಡಿ, ಹರಿದ ಹಿಟ್ಟನ್ನು ತಾವೇ ಉಂಡೆ ಮಾಡಿ ನನ್ನ ಮುಂದೆ ಇಟ್ಟರು.

"ನಿನ್ನ ಕೈಲೆ ಬಡಿ ಯವ್ವಾ. ಅಲ್ಲಿ ಮಂದಿ ಎಡಗೈಲೆ ವಿಮಾನನೇ ನಡಸ್ತಾರ. ರೊಟ್ಟಿ ಏನ್ ಮಹಾ."

ಲಗ್ನವಾಯಿತು. ನಾನು ಇಜೇರಿಗೆ ಹೋದೆ. ಅತ್ತೆ ನಲವತ್ತು ಮಂದಿಯ ರಾಶಿ ಊಟಕ್ಕೂ ನನ್ನನ್ನು ಎಡಗೈಯಿಂದಲೇ ರೊಟ್ಟಿ ಬಡಿಯಲು ಹಚ್ಚಿದರು. ಯಾರಾದರೂ ಮೂಗು ಮುರಿದರೆ ವಿಲಾಯತಿಯ ಸುದ್ದಿ ಹೇಳುತ್ತಿದ್ದರು. ಅಪ್ಪನಿಗೆ ಮಾತ್ರ ತಂಬಿನ ಕೆಲಸ ಮರುದಿನವೇ ಹೋಯಿತು. ಇಂಗ್ಲೀಷು ಬಾರದಿದ್ದರೂ ಎಡಬಲ ಬರುವ ಒಬ್ಬನನ್ನು ಮ್ಯಾನೇಜರು ಹುಡುಕಿಕೊಂಡ. ಅಷ್ಟಕ್ಕೆ ಮುಗಿಯಲಿಲ್ಲ. ಗಿರಣಿಗೆ ಹಿಟ್ಟು ಬೀಸಿಸಲು ಬಂದವರು, ಕಾಕಾ, ಚೀಲ ಯಾವ ಕೈಯಲ್ಲಿದೆ ಹೇಳಿ ನೋಡೋಣ ಎಂದು ಕೇಳುವುದು ವರ್ಷಗಟ್ಟಲೆ ನಡೆಯಿತು. ಬದುವಿನ ಜಗಳಕ್ಕೆ ಸಾಕ್ಷಿ ಹೇಳಲು ಅವನನ್ನು ಮತ್ತೆ ಯಾರೂ ಕರೆಯಲಿಲ್ಲ. ಅಪ್ಪ ಯಾರಿಗೂ ಎದುರಾಡಲಿಲ್ಲ. ಜೇವರ್ಗಿಯ ಗಂಡಸರಿಗೆ ಕಣ್ಣು ನೆಟ್ಟಗಿಲ್ಲ ಎಂದು ನಾನೇ ಸಿಟ್ಟಾಗುತ್ತಿದ್ದೆ. ಒಂದು ಸಂಗತಿ ಮಾತ್ರ ನನಗೆ ಬಗೆಹರಿಯಲಿಲ್ಲ: ಅತ್ತೆ ನಮ್ಮ ಮನೆಗೆ ಬಂದಾಗಲೆಲ್ಲ ಅಪ್ಪ ಎದ್ದು ನಿಲ್ಲುತ್ತಿದ್ದ. ಬೀಗಿತ್ತಿ ಬಂದರೆ ಹಾಗೆ ಎದ್ದು ನಿಲ್ಲುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾಲ್ಕು ವರ್ಷದ ಮೇಲೆ ಗಂಡನ ಜೊತೆ ಕಲಬುರ್ಗಿಗೆ ಹೋಗಿದ್ದೆ. ಅಲ್ಲಿಯದು ಕಟ್ಟಡದ ಟಾಕೀಸು. ಹೆಂಗಸರಿಗೆ ಮುಂದಿನ ಕಡೆಯೇ ಒಂದು ಬದಿಗೆ ಬೆಂಚು ಹಾಕಿದ್ದರು. ಅದೇ ಸಿನಿಮಾ ಬಂದಿತ್ತು. ಅದೇ ಸಾಹುಕಾರ, ಅದೇ ವಿಮಾನ. ಆದರೆ ಅಲ್ಲಿಯವರೆಲ್ಲ ಈಗ ಬಲಗೈಗೆ ಬಂದುಬಿಟ್ಟಿದ್ದರು. ಬಲಗೈಯಿಂದ ಉಂಡರು, ಬಲಗೈಯಿಂದ ಬರೆದರು. ಪತ್ತೇದಾರ ಕಡ್ಡಿಪೆಟ್ಟಿಗೆ ಎಸೆದ. ಐವರು ಬಲಗೈಯಿಂದ ಹಿಡಿದರು. ಆರನೆಯವನು ಎಡಗೈಯಿಂದ ಹಿಡಿದ.

ಒದ್ದೆ ಬಟ್ಟೆಯ ಹಿಂದೆ ಕುಳಿತವರಿಗೆ ಬಲ ಎಡವಾಗಿ, ಎಡ ಬಲವಾಗಿ ಕಂಡಿತ್ತು. ಓದಲು ಬರುತ್ತಿದ್ದರೆ ಪರದೆಯ ಅಕ್ಷರ ತಿರುಗಿದ್ದು ನೋಡಿಯಾದರೂ ತಿಳಿಯುತ್ತಿತ್ತು. ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅತ್ತೆ ಕಂಡದ್ದನ್ನೇ ಹೇಳಿದ್ದರು. ಅಪ್ಪ ನಿಂತದ್ದು ಮುಂದಿನ ಕಡೆ. ಅವನಿಗೆ ಕಂಡದ್ದು ಎಡಗೈ. ಒಂದು ಸುಳ್ಳನ್ನೂ ಆಡದವನು ಇಡೀ ತಂಬಿನ ಮುಂದೆ ನಿಂತು, ನನ್ನ ಸಲುವಾಗಿ, ಎಲ್ಲರ ಕಣ್ಣಿಗೂ ಕಾಣುವ ಸುಳ್ಳು ಹೇಳಿದ್ದ. ಹೆಂಗಸರ ಕಡೆಗೆ ಮೊದಲೇ ಬಲಗೈ ಕಂಡಿತ್ತಾದ್ದರಿಂದ ಅದು ಬೇಕೂ ಇರಲಿಲ್ಲ. ಖೂನಿಗಾರ ಸಿಕ್ಕಿದ್ದಾನೆ, ಈಗ ಯಾಕೆ ಅಳುತ್ತೀ ಎಂದು ಗಂಡ ಕೇಳಿದ. ಸೆಕೆ ಎಂದೆ.

ತಿರುಗಿ ಬರುವಾಗ ಜೇವರ್ಗಿಯಲ್ಲಿ ಇಳಿದೆ. ಒದ್ದೆ ಬಟ್ಟೆಯ ಗುಟ್ಟು ಅಪ್ಪನಿಗೆ ಹೇಳಲೇಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವ್ವ ನೀರಿಗೆ ಹೋಗಿದ್ದಳು. ಅಪ್ಪನಿಗೆ ನಾನೇ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದೆ. ಆ ಸಿನಿಮಾದ ಖೂನಿಗಾರ ಕಡ್ಡಿಪೆಟ್ಟಿಗೆಯನ್ನು ಯಾವ ಕೈಯಿಂದ ಹಿಡಿದಿದ್ದ ಎಂದು ಕೇಳಿದೆ. ಅಪ್ಪ ಬಾಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದ.

"ನಿಮ್ಮತ್ತಿಯವರು ಏನ್ ಅಂತಾರ?"

"ಬಲಗೈ ಅಂತಾರ."

"ಹಂಗಾರ ಬಲಗೈನೇ," ಎಂದ. ಗೋಡೆ ನೋಡುತ್ತ ಮತ್ತೆ ಅಂದ: "ದೊಡ್ಡ ಮನಸಿನವ್ರು ಅವರು. ಎಲ್ಲಾ ಗೊತ್ತಿದ್ದೂ ಅಷ್ಟು ಮಂದಿಯೊಳಗ ನನ್ನ ಮಾತ ಹಿಡದ್ರು. ನಿನ್ನ ಆ ಮನಿಗಿ ಕೊಟ್ಟದ್ದು ಚಲೋ ಆತು."

ಅವನು ಎದ್ದು ನಿಲ್ಲುತ್ತಿದ್ದುದು ಅದಕ್ಕೆ. ಜೋಡಿಸಿಕೊಂಡು ಬಂದ ಮಾತನ್ನು ನಾನು ಆಡಲಿಲ್ಲ. ಅಪ್ಪ ಇರುವ ತನಕ ಆಡಲಿಲ್ಲ, ಅತ್ತೆ ಇರುವ ತನಕವೂ ಆಡಲಿಲ್ಲ.

ಹಂಚಿನ ಮೇಲಿನ ರೊಟ್ಟಿ ಬೆಂದಿತ್ತು. ತೆಗೆದು ಅಪ್ಪನ ಕಡೆ ಚಾಚಿದೆ. ಚಾಚಿದ ಮೇಲೆ ನೋಡಿಕೊಂಡರೆ ಎಡಗೈ. ಅಪ್ಪನೂ ಆ ಕೈ ನೋಡಿದ. ತಾಟು ಇದ್ದಲ್ಲೇ ಇತ್ತು. ರೊಟ್ಟಿ ಹಾಕಿದೆ. ಅವನು ಮುರಿದು ಪಲ್ಯಕ್ಕೆ ಹಚ್ಚಿಕೊಂಡು, ಇದು ಮುಗಿದ ಮೇಲೆ ಇನ್ನರ್ಧ ಹಾಕು ಎಂದ.